ಆ ಮುಜುಗರ ಯಾರದ್ದು?

ಒಂದು ಚಿಕ್ಕ ಕಾರ್ಡಿನಿಂದ ಶುರು ಮಾಡುತ್ತೇನೆ. ವಿಸಿಟಿಂಗ್ ಕಾರ್ಡ್ ಅಂತೀವಲ್ಲ, ಅಷ್ಟೇ ಅಳತೆ. ಕಂದು ಬಣ್ಣ. ಹೆಸರು, ಫೋನ್ ನಂಬರ್ ಇರಬೇಕಾದ ಜಾಗದಲ್ಲಿ ಒಂದು ಪುಟ್ಟ ಪತ್ರ ಅಚ್ಚಾಗಿದೆ.

ಇದನ್ನು ಮಾಡಿಸಿದವರು ಅಮೆರಿಕದ ಕಲಾವಿದೆ ಆಡ್ರಿಯನ್ ಪೈಪರ್. 1948ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದವರು, ಹಾರ್ವರ್ಡಿನಲ್ಲಿ ತತ್ವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು. ಕಪ್ಪು ಜನರ ಮನೆತನ, ಆದರೆ ಮೈಬಣ್ಣ ತೀರಾ ತಿಳಿ. ನೋಡಿದವರು ಬಿಳಿಯರೇ ಇರಬೇಕು ಅಂದುಕೊಳ್ಳುತ್ತಿದ್ದರು. ಹಾಗಾಗಿ ಊಟದ ಮೇಜಿನಲ್ಲಿ, ಪಾರ್ಟಿಗಳಲ್ಲಿ, 'ಇಲ್ಲಿರೋದೆಲ್ಲ ನಮ್ಮವರೇ ತಾನೆ' ಅನ್ನುವ ಧೈರ್ಯದಲ್ಲಿ ಜನ ಕಪ್ಪು ಜನರ ಬಗ್ಗೆ ಆಡುವ ಮಾತೆಲ್ಲ ಇವರ ಕಿವಿಗೆ ಬೀಳುತ್ತಿತ್ತು.

1986ರಲ್ಲಿ ಅವರು ಈ ಕಾರ್ಡ್ ಮಾಡಿಸಿದರು. ಯಾರಾದರೂ ಅಂಥ ಮಾತಾಡಿದರೆ, ಅಥವಾ ಅದಕ್ಕೆ ನಕ್ಕರೆ, ಹೌದೆಂದು ತಲೆ ಆಡಿಸಿದರೆ, ಸದ್ದಿಲ್ಲದೆ ಒಂದು ಕಾರ್ಡು ಅವರ ಕೈಗೆ. ಅದರಲ್ಲಿರುವುದು ಹೆಚ್ಚುಕಡಿಮೆ ಇಷ್ಟು: ಸ್ನೇಹಿತರೇ, ನಾನು ಕಪ್ಪು ಜನಾಂಗದವಳು, ಆ ಮಾತಾಡುವಾಗ ನಿಮಗೆ ಇದು ಗೊತ್ತಿರಲಿಲ್ಲ. ಮೊದಲೇ ಹೇಳಿಕೊಂಡರೆ ನನ್ನನ್ನು ಜಗಳಗಂಟಿ ಅಂತ ನೋಡುತ್ತಾರೆ. ಅದಕ್ಕೇ ನಾನು ಎಲ್ಲರೂ ಒಳ್ಳೆಯವರು ಅಂತಲೇ ನಂಬಿಕೊಂಡು ಬರುತ್ತೇನೆ, ಇಂಥ ಮಾತು ಬಂದಾಗ ಮಾತ್ರ ಈ ಕಾರ್ಡು ಕೊಡುತ್ತೇನೆ. ಕೊನೆಗೆ ಒಂದು ಸಾಲು. ನನ್ನ ಇರುವಿಕೆಯಿಂದ ನಿಮಗಾದ ಮುಜುಗರಕ್ಕೆ ನನಗೆ ಬೇಸರವಿದೆ, ನಿಮ್ಮ ವರ್ಣದ್ವೇಷದಿಂದ ನನಗಾದ ಮುಜುಗರಕ್ಕೆ ನಿಮಗೂ ಬೇಸರ ಇದ್ದೇ ಇರುತ್ತದೆ ಅಲ್ಲವೇ, ಅನ್ನುವ ಅರ್ಥ ಬರುವ ಸಾಲು.

ಅಂಥ ಮಾತು ಬಂದಾಗ ಆ ಮೇಜಿನಲ್ಲಿ ಏನಾಗುತ್ತದೆ, ಒಂದು ಕ್ಷಣ ಯೋಚಿಸಿ. ಮಾತಾಡಿದವನು ಆರಾಮಾಗಿ ಊಟ ಮುಂದುವರಿಸುತ್ತಾನೆ. ಕೇಳಿಸಿಕೊಂಡವಳ ಮುಖ ಬಿಸಿಯಾಗುತ್ತದೆ, ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಎದುರು ಮಾತಾಡಿದರೆ ಎಲ್ಲರ ಸಂಜೆ ಹಾಳು ಮಾಡಿದವಳು ಅನ್ನಿಸಿಕೊಳ್ಳಬೇಕು. ಸುಮ್ಮನಿದ್ದರೆ ರಾತ್ರಿಯೆಲ್ಲ ನಿದ್ದೆ ಇಲ್ಲ. ತಪ್ಪು ಒಬ್ಬರದು, ಅದರ ಭಾರ ಇನ್ನೊಬ್ಬರ ಮೇಲೆ. ಪೂರ್ವಗ್ರಹ ನಿತ್ಯದ ಬದುಕಿನಲ್ಲಿ ಕೆಲಸ ಮಾಡುವ ರೀತಿಯೇ ಇದು. ಆ ಕಾರ್ಡು ಮಾಡಿದ್ದು ಒಂದೇ ಕೆಲಸ. ಮುಜುಗರವನ್ನು ಅದು ಯಾರಿಗೆ ಸೇರಬೇಕೋ ಅವರ ಕೈಗೆ ಒಪ್ಪಿಸಿತು.

ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದೂ ಇದನ್ನೇ. ಜನಾಂಗ ದ್ವೇಷಕ್ಕೆ ಉತ್ತರ ಕೊಟ್ಟ ದೃಶ್ಯಕಲೆ, ಪ್ರದರ್ಶನ ಕಲೆ ಬೇಕಾದಷ್ಟಿದೆ. ದ್ವೇಷ ಕೆಟ್ಟದ್ದು ಅಂತ ಹೇಳುವ ಕೃತಿಗಳೂ ಜಾಸ್ತಿ ಇವೆ. ಅವುಗಳನ್ನು ನೋಡಿ ನಾವು ಹೌದು ಹೌದು ಅಂತ ತಲೆಯಾಡಿಸಿ ಮನೆಗೆ ಹೋಗುತ್ತೇವೆ. ನನ್ನನ್ನು ಬಿಡದೆ ಕಾಡುವ ಕೃತಿಗಳು ಬೇರೆ. ಅವು ನನ್ನ ಕಣ್ಣನ್ನೇ ನನಗೆ ತೋರಿಸುತ್ತವೆ.

ಇದು ಕಲೆ ಹೇಗಾಗುತ್ತದೆ ಅಂತ ಕೆಲವರು ಕೇಳುತ್ತಾರೆ. ಒಂದು ಕಾರ್ಡು ತಾನೆ? ನಾನು ರಂಗಭೂಮಿಯವನು, ನನಗೆ ಅದರಲ್ಲಿ ಒಂದು ಪೂರ್ತಿ ನಾಟಕ ಕಾಣುತ್ತದೆ. ಒಂದೊಂದು ಮಾತನ್ನೂ ತೂಕ ಮಾಡಿ ಬರೆದಿದ್ದಾರೆ. ಯಾವ ಗಳಿಗೆಯಲ್ಲಿ ಕೊಡಬೇಕು ಅನ್ನುವುದು ಗೊತ್ತಿದೆ. ಪ್ರೇಕ್ಷಕ ಒಬ್ಬನೇ, ಅವನೇ ಪಾತ್ರಧಾರಿಯೂ ಹೌದು. ಆಮೇಲೆ ಗ್ಯಾಲರಿಗಳಲ್ಲಿ ಈ ಕಾರ್ಡುಗಳನ್ನು ಇಟ್ಟಾಗ, ನೋಡಲು ಬಂದವರು ತಮಗೂ ಬೇಕಾದರೆ ತೆಗೆದುಕೊಂಡು ಹೋಗಬಹುದಿತ್ತು. ನಾಟಕದ ಪ್ರತಿಯನ್ನು ಹಂಚಿದ ಹಾಗೆ.

ಈಗ ಸ್ವಲ್ಪ ಹಿಂದಕ್ಕೆ ಹೋಗಬೇಕು. ಮನುಷ್ಯರನ್ನೇ ಪ್ರದರ್ಶನಕ್ಕೆ ಇಟ್ಟ ಕಾಲಕ್ಕೆ. ಇದನ್ನು ಹೇಳದೆ ಮುಂದಿನ ಕೃತಿಗಳು ಅರ್ಥವಾಗುವುದಿಲ್ಲ.

ಸಾರಾ ಬಾರ್ಟ್‌ಮನ್ ದಕ್ಷಿಣ ಆಫ್ರಿಕಾದ ಖೋಯ್‌ಖೋಯ್ ಅನ್ನುವ ಮೂಲನಿವಾಸಿ ಸಮುದಾಯದ ಹೆಣ್ಣುಮಗಳು. 1810ರಲ್ಲಿ ಆಕೆಯನ್ನು ಲಂಡನ್ನಿಗೆ ತಂದು, ಅವಳ ಮೈಕಟ್ಟನ್ನು ದುಡ್ಡು ಕೊಟ್ಟು ನೋಡುವ ವಸ್ತುವನ್ನಾಗಿ ಮಾಡಿದರು. ಅಲ್ಲಿಂದ ಪ್ಯಾರಿಸ್ಸಿಗೆ ಒಯ್ದರು. 1815ರಲ್ಲಿ ಆಕೆ ತೀರಿಕೊಂಡಳು. ಸತ್ತ ಮೇಲೂ ಬಿಡಲಿಲ್ಲ. ಅವಳ ಅಸ್ಥಿಪಂಜರ, ದೇಹದ ಅಚ್ಚು 1970ರ ದಶಕದವರೆಗೂ ಪ್ಯಾರಿಸ್ಸಿನ ಮ್ಯೂಸಿಯಮ್ಮಿನಲ್ಲಿ ನೋಡಲು ಸಿಗುತ್ತಿದ್ದವು. ಆಕೆಯ ಅವಶೇಷಗಳು ಊರಿಗೆ ಮರಳಿ ಮಣ್ಣಾದದ್ದು 2002ರಲ್ಲಿ. ಸುಮಾರು ಇನ್ನೂರು ವರ್ಷ ಬೇಕಾಯಿತು.

ಇನ್ನೊಬ್ಬ ಓಟಾ ಬೆಂಗಾ, ಕಾಂಗೋದ ಯುವಕ. 1906ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಲ್ಲಿ ಕೋತಿಗಳ ಮನೆಯಲ್ಲಿ ಅವನನ್ನು ಇಟ್ಟರು. ಜನ ಗುಂಪುಗುಂಪಾಗಿ ಬಂದು ನೋಡಿದರು. ಕಪ್ಪು ಜನರ ಚರ್ಚುಗಳ ಪಾದ್ರಿಗಳು ದನಿ ಎತ್ತಿದ ಮೇಲೆ ಅವನು ಹೊರಗೆ ಬಂದ. ಹತ್ತು ವರ್ಷದ ನಂತರ, 1916ರಲ್ಲಿ, ತನ್ನ ಜೀವ ತಾನೇ ತೆಗೆದುಕೊಂಡ. ಆ ಮೃಗಾಲಯ ನಡೆಸುವ ಸಂಸ್ಥೆ ಇದಕ್ಕೆ ಕ್ಷಮೆ ಕೇಳಿದ್ದು 2020ರಲ್ಲಿ.

ಇವೆಲ್ಲ ಮುಗಿದ ಕಥೆ, ಈಗ ಯಾರೂ ಹಾಗೆ ನೋಡುವುದಿಲ್ಲ ಅಂತ ನಮಗೆ ಅನ್ನಿಸುತ್ತದೆ ಅಲ್ವಾ? 1992ರಲ್ಲಿ ಇಬ್ಬರು ಕಲಾವಿದರು ಅದನ್ನು ಪರೀಕ್ಷೆ ಮಾಡಿ ನೋಡಿದರು. ಕೊಲಂಬಸ್ ಅಮೆರಿಕ ತಲುಪಿ 500 ವರ್ಷವಾಯಿತು ಅಂತ ಎಲ್ಲ ಕಡೆ ಸಂಭ್ರಮ ನಡೆಯುತ್ತಿದ್ದ ವರ್ಷ ಅದು. ಕೋಕೋ ಫುಸ್ಕೋ, ಗಿಲೆರ್ಮೊ ಗೋಮೆಸ್ ಪೇನ್ಯಾ. ಆಕೆ ಕ್ಯೂಬಾ ಮೂಲದ ಅಮೆರಿಕನ್, ಆತ ಮೆಕ್ಸಿಕೋದಲ್ಲಿ ಹುಟ್ಟಿದವನು. ಇಬ್ಬರೂ ಒಂದು ಚಿನ್ನದ ಬಣ್ಣದ ಬೋನಿನೊಳಗೆ ಹೋಗಿ ಕೂತರು. ಮೆಕ್ಸಿಕೋ ಕೊಲ್ಲಿಯ ಒಂದು ದ್ವೀಪದಿಂದ ಬಂದ, ಇದುವರೆಗೆ ಹೊರಜಗತ್ತು ಕಾಣದ ಜನ ಇವರು ಅಂತ ಬೋರ್ಡು. ಅಂಥ ದ್ವೀಪವೇ ಇಲ್ಲ.

ಬೋನಿನೊಳಗೆ ಏನಿತ್ತು ಅಂತ ಹೇಳುತ್ತೇನೆ, ಅದು ಮುಖ್ಯ. ಟಿವಿ ಇತ್ತು. ಲ್ಯಾಪ್‌ಟಾಪ್ ಇತ್ತು. ಆಕೆ ಹುಲ್ಲಿನ ಲಂಗ ಉಟ್ಟಿದ್ದಳು, ಕಣ್ಣಿಗೆ ತಂಪು ಕನ್ನಡಕ, ಕಾಲಿಗೆ ಕ್ಯಾನ್ವಾಸ್ ಶೂ. ಆತನ ಮುಖಕ್ಕೆ ಕುಸ್ತಿಪಟುವಿನ ಮುಖವಾಡ. ಬೊಂಬೆ ಹೊಲಿಯುತ್ತಿದ್ದರು, ಟಿವಿ ನೋಡುತ್ತಿದ್ದರು. ಕಾಸು ಹಾಕಿದರೆ ಆಕೆ ಕುಣಿಯುತ್ತಿದ್ದಳು, ಆತ ಅರ್ಥವಿಲ್ಲದ ಭಾಷೆಯಲ್ಲಿ ಕಥೆ ಹೇಳುತ್ತಿದ್ದ, ಇಬ್ಬರೂ ಜನರ ಜೊತೆ ಫೋಟೊಗೆ ನಿಲ್ಲುತ್ತಿದ್ದರು. ಶೌಚಕ್ಕೆ ಹೋಗಬೇಕಾದರೆ ಕಾವಲುಗಾರರು ಕುತ್ತಿಗೆಗೆ ಹಗ್ಗ ಕಟ್ಟಿ ಕರೆದೊಯ್ಯುತ್ತಿದ್ದರು. ಪಕ್ಕದಲ್ಲಿ ಒಂದು ಫಲಕವಿತ್ತು, ಹಿಂದೆ ನಿಜವಾಗಿ ಹೀಗೆ ಪ್ರದರ್ಶನಕ್ಕಿಟ್ಟ ಜನರ ಪಟ್ಟಿ ಅದರಲ್ಲಿತ್ತು.

ಲ್ಯಾಪ್‌ಟಾಪ್ ನೋಡಿದ ಕೂಡಲೇ ಇದು ಅಣಕ ಅಂತ ಎಲ್ಲರಿಗೂ ಹೊಳೆಯುತ್ತದೆ ಅಂತ ಅವರಿಬ್ಬರೂ ಅಂದುಕೊಂಡಿದ್ದರು. ಹೊಳೆಯಲಿಲ್ಲ. ಮ್ಯಾಡ್ರಿಡ್‌, ಲಂಡನ್‌, ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಮ್ಯೂಸಿಯಮ್ಮು, ಸಿಡ್ನಿ, ಶಿಕಾಗೋ, ಹೋದಲ್ಲೆಲ್ಲ ಬಹಳಷ್ಟು ಜನ ಅದನ್ನು ನಿಜ ಅಂತಲೇ ನಂಬಿದರು. ಫುಸ್ಕೋ ಆಮೇಲೆ ಇದರ ಬಗ್ಗೆ ವಿವರವಾಗಿ ಬರೆದಿದ್ದಾರೆ. ವಾಷಿಂಗ್ಟನ್ನಿನಲ್ಲಿ ಒಬ್ಬರು ಸಿಟ್ಟಿನಿಂದ ಪ್ರಾಣಿದಯಾ ಸಂಘಕ್ಕೆ ಫೋನ್ ಮಾಡಿದರಂತೆ. ಮನುಷ್ಯರು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಅಂತ ಅಲ್ಲಿಂದ ಉತ್ತರ ಬಂತಂತೆ. ಇನ್ನೂ ಒಂದು ಮಾತಿದೆ, ಅದು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಬೋನಿನಲ್ಲಿ ಮನುಷ್ಯರನ್ನು ಇಟ್ಟಿದ್ದೀರಲ್ಲ ಅಂತ ನೊಂದುಕೊಳ್ಳುವ ಬದಲು, ನಮಗೆ ಸುಳ್ಳು ಹೇಳಿದಿರಲ್ಲ ಅಂತ ಸಿಟ್ಟಾದವರಿದ್ದರು.

ಇದೇ ದಾರಿಯಲ್ಲಿ, ಇವರಿಗಿಂತ ಐದು ವರ್ಷ ಮೊದಲೇ ನಡೆದವರು ಜೇಮ್ಸ್ ಲೂನಾ. ಕ್ಯಾಲಿಫೋರ್ನಿಯಾದ ಲುಯಿಸೆನ್ಯೊ ಮೂಲನಿವಾಸಿ. 1987ರಲ್ಲಿ ಸ್ಯಾನ್ ಡಿಯಾಗೋದ ಮಾನವಶಾಸ್ತ್ರ ಮ್ಯೂಸಿಯಮ್ಮಿನಲ್ಲಿ, ಹಳೆಯ ಮಡಕೆ, ಬಾಣ ಇಡುವಂಥ ಪೆಟ್ಟಿಗೆಯಲ್ಲಿ ಮರಳು ಹಾಸಿ, ಸೊಂಟಕ್ಕೊಂದು ಬಟ್ಟೆ ಸುತ್ತಿಕೊಂಡು ಮಲಗಿದರು. ಸುತ್ತ ಮ್ಯೂಸಿಯಮ್ಮಿನ ರೀತಿಯದೇ ಚೀಟಿಗಳು. ಆದರೆ ಆ ಚೀಟಿಗಳು ಹೇಳಿದ್ದು ಅವರ ಮೈಮೇಲಿನ ಗಾಯದ ಕಲೆಗಳ ಕಥೆ. ಕುಡಿದಾಗ ಬಿದ್ದು ಆದದ್ದು, ಹೊಡೆದಾಟದಲ್ಲಿ ಆದದ್ದು. ಬೇರೆ ಪೆಟ್ಟಿಗೆಗಳಲ್ಲಿ ಅವರ ಡಿಗ್ರಿ ಸರ್ಟಿಫಿಕೇಟು, ವಿಚ್ಛೇದನದ ಕಾಗದ. ಅಂದರೆ ಈಗ, ಇವತ್ತು ಬದುಕುತ್ತಿರುವ ಒಬ್ಬ ಮನುಷ್ಯನ ಸಾಮಾನು. ಮ್ಯೂಸಿಯಮ್ಮುಗಳಲ್ಲಿ ಮೂಲನಿವಾಸಿ ಅಂದರೆ ಎಂದೋ ಅಳಿದುಹೋದವನು. ಇಲ್ಲಿ ಅವನ ಎದೆ ಏರಿಳಿಯುತ್ತಿದೆ. ನೋಡಲು ಬಂದವರು ಅವರ ಮೈ ಬಗ್ಗೆ, ಕಲೆಗಳ ಬಗ್ಗೆ ಅವರ ಎದುರಿಗೇ ಮಾತಾಡಿಕೊಳ್ಳುತ್ತಿದ್ದರು. ಅವರು ಕೇಳಿಸಿಕೊಳ್ಳುತ್ತಾ ಮಲಗಿದ್ದರು.

ನಾನು ನಟರ ಜೊತೆ ಒಂದು ಅಭ್ಯಾಸ ಮಾಡಿಸುತ್ತೇನೆ. ಒಬ್ಬರು ನಡುವೆ ನಿಲ್ಲಬೇಕು. ಏನೂ ಮಾಡುವ ಹಾಗಿಲ್ಲ, ಮಾತಾಡುವ ಹಾಗಿಲ್ಲ. ಉಳಿದವರು ಸುತ್ತ ಓಡಾಡುತ್ತಾ ಅವರನ್ನು ನೋಡಬೇಕು. ಐದೇ ನಿಮಿಷ. ಎರಡನೇ ನಿಮಿಷಕ್ಕೆ ನಿಂತವರ ಕೈ ಎಲ್ಲಿಡಬೇಕು ಅಂತ ತಿಳಿಯದೆ ತಡವರಿಸುತ್ತದೆ. ಮೂರನೇ ನಿಮಿಷಕ್ಕೆ ಕಣ್ಣು ಕೆಳಗೆ ಹೋಗುತ್ತದೆ. ಒಮ್ಮೆ ಒಬ್ಬ ಹುಡುಗಿ ಕಣ್ಣು ಕೆಳಗೆ ಹಾಕಲಿಲ್ಲ. ನೋಡುವವರನ್ನು ಒಬ್ಬೊಬ್ಬರನ್ನಾಗಿ ತಿರುಗಿ ನೋಡುತ್ತಾ ನಿಂತಳು. ನಿಧಾನಕ್ಕೆ ಸುತ್ತ ಓಡಾಡುತ್ತಿದ್ದವರ ಹೆಜ್ಜೆ ತಪ್ಪತೊಡಗಿತು. ಕೊನೆಗೆ ತಲೆ ತಗ್ಗಿಸಿದವರು ಅವರೇ. ಲೂನಾ, ಫುಸ್ಕೋ ಮಾಡಿದ್ದು ಏನು ಅಂತ ನನಗೆ ಮೈಯಲ್ಲಿ ಅರ್ಥವಾದದ್ದು ಆವತ್ತು.

ನೋಡುವುದರ ಬಗ್ಗೆ ಮಾತಾಡುವಾಗ ನೋಡದೇ ಇರುವುದರ ಬಗ್ಗೆಯೂ ಹೇಳಬೇಕು. ಫ್ರೆಡ್ ವಿಲ್ಸನ್ ಅಂತ ಒಬ್ಬ ಕಲಾವಿದ, 1954ರಲ್ಲಿ ಬ್ರಾಂಕ್ಸ್‌ನಲ್ಲಿ ಹುಟ್ಟಿದವರು. ಓದುವಾಗ ಮ್ಯೂಸಿಯಮ್ಮಿನಲ್ಲಿ ಗಾರ್ಡ್ ಕೆಲಸ ಮಾಡಿದವರು. ಒಮ್ಮೆ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿನ ಗೈಡುಗಳಿಗೆ ತಮ್ಮ ಕೆಲಸ ವಿವರಿಸಲು ಅವರನ್ನು ಕರೆದಿದ್ದರು. ಎಲ್ಲರ ಜೊತೆ ಮಾತಾಡಿ, ಮೇಲಿನ ಗ್ಯಾಲರಿಯಲ್ಲಿ ಸಿಗುತ್ತೇನೆ ಅಂತ ಹೇಳಿ ಹೋದರು. ಹೋಗಿ ಗಾರ್ಡಿನ ಯೂನಿಫಾರ್ಮ್ ಹಾಕಿಕೊಂಡು ಅದೇ ಗ್ಯಾಲರಿಯಲ್ಲಿ ನಿಂತರು. ಗೈಡುಗಳು ಬಂದರು. ಅವರನ್ನೇ ಹುಡುಕುತ್ತಾ ಅವರ ಮುಂದೆಯೇ ಓಡಾಡಿದರು. ಆಗಷ್ಟೇ ಮಾತಾಡಿಸಿದ್ದ ಮನುಷ್ಯ, ಅದೇ ಮುಖ. ಯಾರಿಗೂ ಕಾಣಲಿಲ್ಲ. ಯೂನಿಫಾರ್ಮ್ ಹಾಕಿದ ಕಪ್ಪು ಮನುಷ್ಯ ಗೋಡೆಯ ಹಾಗೆ ಆಗಿಬಿಟ್ಟಿದ್ದ.

ಇದೇ ವಿಲ್ಸನ್ 1992ರಲ್ಲಿ ಬಾಲ್ಟಿಮೋರಿನಲ್ಲಿ, ಮೇರಿಲ್ಯಾಂಡ್ ಇತಿಹಾಸ ಸೊಸೈಟಿಯ ಮ್ಯೂಸಿಯಮ್ಮಿನಲ್ಲಿ ಒಂದು ಪ್ರದರ್ಶನ ಮಾಡಿದರು. ಹೊಸದಾಗಿ ಏನನ್ನೂ ಬಿಡಿಸಲಿಲ್ಲ, ಕೆತ್ತಲಿಲ್ಲ. ಆ ಸಂಸ್ಥೆಯ ಉಗ್ರಾಣಕ್ಕೆ ಇಳಿದು, ಅಲ್ಲಿದ್ದ ವಸ್ತುಗಳನ್ನೇ ತಂದು ಬೇರೆ ರೀತಿ ಜೋಡಿಸಿದರು. ಒಂದು ಗಾಜಿನ ಪೆಟ್ಟಿಗೆಯಲ್ಲಿ ನಕಾಶೆ ಕೆಲಸದ ಬೆಳ್ಳಿ ಹೂಜಿಗಳು, ಬಟ್ಟಲುಗಳು. ಮೇಲೆ ಚೀಟಿ: ಲೋಹದ ಕೆಲಸ, 1793–1880. ನೋಡುತ್ತಾ ನೋಡುತ್ತಾ ಬೆಳ್ಳಿಯ ನಡುವೆ ತುಕ್ಕು ಬಣ್ಣದ್ದೊಂದು ಕಾಣುತ್ತದೆ. ಗುಲಾಮರಿಗೆ ಹಾಕುತ್ತಿದ್ದ ಕಬ್ಬಿಣದ ಕೋಳ. ಚೀಟಿ ಸುಳ್ಳು ಹೇಳುತ್ತಿಲ್ಲ, ನೋಡಿ. ಅದೂ ಲೋಹದ ಕೆಲಸವೇ, ಅದೇ ಕಾಲದ್ದೇ, ಅದೇ ಮ್ಯೂಸಿಯಮ್ಮಿನದ್ದೇ. ಇಷ್ಟು ದಿನ ಒಂದು ಮೇಲೆ ಬೆಳಕಿನಲ್ಲಿತ್ತು, ಇನ್ನೊಂದು ಕೆಳಗೆ ಕತ್ತಲಲ್ಲಿತ್ತು, ಅಷ್ಟೇ ವ್ಯತ್ಯಾಸ. ಬೆಳ್ಳಿ ಹೂಜಿ ಕೊಳ್ಳುವ ದುಡ್ಡು ಎಲ್ಲಿಂದ ಬಂತು ಅಂತ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಇನ್ನೊಂದು ಕಡೆ ಚಾಟಿ ಏಟು ಕೊಡುತ್ತಿದ್ದ ಕಂಬ. ಅದರ ಸುತ್ತ, ಅದನ್ನು ನೋಡಲು ಕೂತ ಹಾಗೆ, ದೊಡ್ಡ ಮನೆಗಳ ಚೆಂದದ ಕುರ್ಚಿಗಳು. ಅದಕ್ಕೆ ಚೀಟಿ, ಮರಗೆಲಸ ಅಂತ. ಮತ್ತೊಂದು ಕಡೆ ಮೂರು ದೊಡ್ಡ ಮನುಷ್ಯರ ಪ್ರತಿಮೆಗಳು, ಅದರಲ್ಲಿ ನೆಪೋಲಿಯನ್ನನೂ ಒಬ್ಬ. ಅವರ ಪಕ್ಕದಲ್ಲಿ ಮೂರು ಖಾಲಿ ಪೀಠಗಳು. ಖಾಲಿ ಪೀಠಗಳ ಮೇಲೆ ಹೆಸರುಗಳು: ಗುಲಾಮಗಿರಿಯ ವಿರುದ್ಧ ಹೋರಾಡಿದ ಹ್ಯಾರಿಯೆಟ್ ಟಬ್ಮನ್, ಫ್ರೆಡರಿಕ್ ಡಗ್ಲಾಸ್, ಖಗೋಳ ವಿಜ್ಞಾನಿ ಬೆಂಜಮಿನ್ ಬ್ಯಾನೆಕರ್. ಮೂವರೂ ಮೇರಿಲ್ಯಾಂಡಿನ ಮಣ್ಣಿನಲ್ಲೇ ಹುಟ್ಟಿದ ಕಪ್ಪು ಜನ. ನೆಪೋಲಿಯನ್ನನೇನು ಮೇರಿಲ್ಯಾಂಡಿನವನೇ?

ಸಿಟ್ಟಿನ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಹೇಳಿದ್ದೆಲ್ಲ ತಣ್ಣಗಿನ ಕೆಲಸ. ಸಿಟ್ಟೂ ಬೇಕು. ಅಮೆರಿಕದ ಕಪ್ಪು ಕಲಾವಿದೆ ಬೆಟಿ ಸಾರ್ 1972ರಲ್ಲಿ ಮಾಡಿದ ಒಂದು ಪುಟ್ಟ ಪೆಟ್ಟಿಗೆ ಇದೆ. ಅಮೆರಿಕದ ಅಂಗಡಿಗಳಲ್ಲಿ ಆಂಟ್ ಜೆಮೈಮಾ ಅಂತ ಒಂದು ಪ್ಯಾನ್‌ಕೇಕ್ ಹಿಟ್ಟು ಸಿಗುತ್ತಿತ್ತು. ಡಬ್ಬಿಯ ಮೇಲೆ ತಲೆಗೆ ಬಟ್ಟೆ ಕಟ್ಟಿದ, ಸದಾ ನಗುವ ಕಪ್ಪು ಅಡುಗೆಯವಳ ಚಿತ್ರ. ಗುಲಾಮಳಾಗಿದ್ದರೂ ಯಜಮಾನರ ಮನೆಯಲ್ಲಿ ಇವಳಿಗೆ ಖುಷಿಯೋ ಖುಷಿ ಅನ್ನುವ ಹಾಗೆ. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಕೊಲೆಯಾದ ಮೇಲೆ ಸಾರ್ ಅವರೊಳಗೆ ಕುದಿಯುತ್ತಿದ್ದ ಸಿಟ್ಟು ಈ ಚಿತ್ರದ ಕಡೆ ತಿರುಗಿತು. ಅಂಥದೇ ರೂಪದ ಒಂದು ಹಳೆಯ ಬೊಂಬೆ ಅವರಿಗೆ ಸಿಕ್ಕಿತ್ತು. ಅದರ ಒಂದು ಕೈಯಲ್ಲಿ ಪೊರಕೆ ಇತ್ತು. ಇನ್ನೊಂದು ಕೈಗೆ ಅವರು ಬಂದೂಕು ಕೊಟ್ಟರು. ಹಿಂದೆ ಗೋಡೆ ತುಂಬ ಅದೇ ಡಬ್ಬಿಯ ನಗುಮುಖಗಳು ಸಾಲುಸಾಲಾಗಿ. ಬೊಂಬೆಯ ನಗು ಅಳಿಸಲಿಲ್ಲ, ಹಾಗೇ ಬಿಟ್ಟರು. ಬಂದೂಕು ಬಂದ ಮೇಲೆ ಅದೇ ನಗು ಬೇರೆ ಥರ ಕಾಣುತ್ತದೆ. ಆ ಕಂಪನಿ ಹೆಸರನ್ನೂ ಚಿತ್ರವನ್ನೂ ಕೈಬಿಡುತ್ತೇವೆ ಅಂತ ಹೇಳಿದ್ದು 2020ರಲ್ಲಿ. ಆಗ ಸಾರ್ ಅವರಿಗೆ 93 ವರ್ಷ. ಅಷ್ಟು ಕಾಲ ಕಾದರೂ ಕಣ್ಣಾರೆ ನೋಡಿದರಲ್ಲ ಅನ್ನುವುದು ನನಗೆ ದೊಡ್ಡ ಸಮಾಧಾನ.

ಆದರೆ ಎಲ್ಲ ಸಲವೂ ಬಾಣ ಗುರಿಗೆ ಹೋಗುವುದಿಲ್ಲ. ಇದನ್ನೂ ಪ್ರಾಮಾಣಿಕವಾಗಿ ಹೇಳಬೇಕು.

2014ರ ಬೇಸಿಗೆಯಲ್ಲಿ ಬ್ರೂಕ್ಲಿನ್ನಿನ ಹಳೆಯ ಡೊಮಿನೋ ಸಕ್ಕರೆ ಕಾರ್ಖಾನೆಯಲ್ಲಿ, ಅದನ್ನು ಕೆಡವುವ ಮುಂಚೆ, ಕಪ್ಪು ಕಲಾವಿದೆ ಕಾರಾ ವಾಕರ್ ಒಂದು ದೈತ್ಯ ಶಿಲ್ಪ ನಿಲ್ಲಿಸಿದರು. ಸುಮಾರು 35 ಅಡಿ ಎತ್ತರ, 75 ಅಡಿ ಉದ್ದ. ಈಜಿಪ್ಟಿನ ಸ್ಫಿಂಕ್ಸ್ ಥರ ಕೂತ ಕಪ್ಪು ಹೆಣ್ಣು, ತಲೆಗೆ ಅದೇ ಅಡುಗೆಯವಳ ಬಟ್ಟೆ, ಮೈಯೆಲ್ಲ ಬಿಳಿ ಸಕ್ಕರೆ. ಸುತ್ತ ಬುಟ್ಟಿ ಹೊತ್ತ ಹುಡುಗರ ಬೊಂಬೆಗಳು, ಕಾಕಂಬಿ ಬಣ್ಣದ್ದು. ಕೆಲವು ಬೇಸಿಗೆಯ ಸೆಕೆಗೆ ಕರಗಿ ನೆಲಕ್ಕೆ ಹರಿದವು. ಕಬ್ಬಿನ ತೋಟಗಳಲ್ಲಿ ಸತ್ತ ಗುಲಾಮರ ಲೆಕ್ಕವೆಲ್ಲ ಆ ಬಿಳಿ ಬಣ್ಣದಲ್ಲಿತ್ತು. ಕಂದು ಸಕ್ಕರೆಯನ್ನು ಬಿಳಿ ಮಾಡುವ ಕಾರ್ಖಾನೆಯಲ್ಲೇ ಅದನ್ನು ಇಟ್ಟಿದ್ದರು. ಒಂದು ಲಕ್ಷಕ್ಕೂ ಹೆಚ್ಚು ಜನ ಬಂದರು.

ಅವರಲ್ಲಿ ಕೆಲವರು ಏನು ಮಾಡಿದರು ಗೊತ್ತಾ? ಆ ಬೆತ್ತಲೆ ದೇಹದ ಮುಂದೆ ನಿಂತು ಅಸಹ್ಯ ಭಂಗಿಯಲ್ಲಿ ಸೆಲ್ಫಿ ತೆಗೆದುಕೊಂಡರು, ಎಲ್ಲರಿಗೂ ಹಂಚಿದರು. ಸಾರಾ ಬಾರ್ಟ್‌ಮನ್‌ಳನ್ನು ಲಂಡನ್ನಿನಲ್ಲಿ ನೋಡಿದ ಕಣ್ಣು ಇನ್ನೂರು ವರ್ಷದ ಮೇಲೆ ಮೊಬೈಲ್ ಹಿಡಿದು ಬಂದಿತ್ತು. ಅಲ್ಲೇ ಪಕ್ಕದಲ್ಲಿ ನಿಂತ ಕಪ್ಪು ಜನರಿಗೆ ಅದು ಎಷ್ಟು ಚುಚ್ಚಿರಬೇಕು! ಅವರಲ್ಲಿ ಕೆಲವರು ಒಂದು ದಿನ ಗೊತ್ತುಮಾಡಿ ಒಟ್ಟಾಗಿ ಬಂದು ಆ ಶಿಲ್ಪದ ಮುಂದೆ ನಿಂತರು. ನಾವಿಲ್ಲಿದ್ದೇವೆ ಅಂತ ತೋರಿಸಲಿಕ್ಕೆ. ವಾಕರ್ ಅವರೋ ಕ್ಯಾಮೆರಾ ಇಡಿಸಿ ಪ್ರೇಕ್ಷಕರನ್ನೇ ಚಿತ್ರೀಕರಿಸಿದ್ದರು. ಅದನ್ನು ಆಮೇಲೆ ಇನ್ನೊಂದು ಕೃತಿಯಾಗಿ ತೋರಿಸಿದರು. ಅದು ಜಾಣತನ, ಒಪ್ಪುತ್ತೇನೆ. ಆದರೂ ಆವತ್ತು ಪಕ್ಕದಲ್ಲಿ ನಿಂತಿದ್ದ ಹೆಣ್ಣುಮಗಳಿಗೆ ಆದ ನೋವಿಗೆ ಅದು ಸಾಲುತ್ತದಾ? ನನಗೆ ಇವತ್ತಿಗೂ ಇದರ ಬಗ್ಗೆ ಒಂದು ತೀರ್ಮಾನಕ್ಕೆ ಬರಲು ಆಗಿಲ್ಲ.

ಅದೇ ವರ್ಷ ಲಂಡನ್ನಿನಲ್ಲಿ ಎಕ್ಸಿಬಿಟ್ ಬಿ ಅನ್ನುವ ಪ್ರದರ್ಶನ ನಿಂತುಹೋಯಿತು. ಮಾನವ ಮೃಗಾಲಯಗಳ ಕ್ರೌರ್ಯ ತೋರಿಸಲು ಕಪ್ಪು ಕಲಾವಿದರನ್ನು ಅಲುಗಾಡದೆ ನಿಲ್ಲಿಸಿದ ಕೃತಿ, ಮಾಡಿದವರು ದಕ್ಷಿಣ ಆಫ್ರಿಕಾದ ಬಿಳಿಯ ನಿರ್ದೇಶಕ ಬ್ರೆಟ್ ಬೈಲಿ. ಪ್ರತಿಭಟನೆ ಜೋರಾಗಿ ಅಲ್ಲಿನ ಬಾರ್ಬಿಕನ್ ಕಲಾಕೇಂದ್ರ ಅದನ್ನು ರದ್ದು ಮಾಡಿತು. ಅದರಲ್ಲಿದ್ದ ಕಲಾವಿದರು, ನಾವು ನಮ್ಮ ಇಷ್ಟದಿಂದ ನಿಂತಿದ್ದೇವೆ ಅಂದರು. ಆ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಲೂನಾ ಮಲಗಿದ್ದು ತಾನೇ ಬರೆದ ಚೀಟಿಗಳ ನಡುವೆ. ಫುಸ್ಕೋ ಕೂತದ್ದು ತಾನೇ ಯೋಚಿಸಿ ಮಾಡಿದ ಬೋನಿನಲ್ಲಿ. ಚೀಟಿ ಬರೆಯುವ ಕೈ ಯಾರದು ಅನ್ನುವುದು ನನಗೆ ದೊಡ್ಡ ಪ್ರಶ್ನೆ.

ಕೊನೆಯದಾಗಿ ಒಂದು ಮೆರವಣಿಗೆಯ ಕಥೆ. ಇಷ್ಟು ಹೊತ್ತು ನೋವಿನದೇ ಮಾತಾಯಿತು. ಉತ್ತರ ಅಂದರೆ ಯಾವಾಗಲೂ ಬಿಳಿಯರ ಕಡೆಗೇ ತಿರುಗಿ ಕೊಡಬೇಕು ಅಂತೇನಿಲ್ಲ.

ಲೊರೇನ್ ಓ'ಗ್ರೇಡಿ ಅಮೆರಿಕದ ಕಪ್ಪು ಕಲಾವಿದೆ. ಅವರಿಗೆ ಪರಿಚಯದ ಕಪ್ಪು ಮಹಿಳೆಯೊಬ್ಬರು, ನಿಮ್ಮ ಈ ಹೊಸ ಬಗೆಯ ಕಲೆಗೂ ಕಪ್ಪು ಜನರಿಗೂ ಏನೂ ಸಂಬಂಧವಿಲ್ಲ ಅಂದಿದ್ದರು. ಆ ಮಾತು ಅವರಿಗೆ ಚುಚ್ಚಿತು. ಗ್ಯಾಲರಿಗೆ ಜನರನ್ನು ಕರೆಯುವ ಬದಲು ಅವರೇ ಜನ ಇದ್ದಲ್ಲಿಗೆ ಹೊರಟರು. 1983ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಆಫ್ರಿಕನ್ ಅಮೆರಿಕನ್ನರ ದೊಡ್ಡ ಮೆರವಣಿಗೆ. ಅದರಲ್ಲಿ ಅವರದೂ ಒಂದು ಗಾಡಿ. ಗಾಡಿಯ ಮೇಲೆ ಚಿನ್ನದ ಬಣ್ಣದ ಒಂದು ಭಾರಿ ಫ್ರೇಮು, ಒಳಗೆ ಚಿತ್ರವಿಲ್ಲ. ಗಾಡಿ ಮುಂದೆ ಹೋದ ಹಾಗೆ ಬೀದಿ, ಮನೆ, ಆಕಾಶ, ಜನ, ಒಂದೊಂದೇ ಅದರೊಳಗೆ ಬಂದು ಹೋಗುತ್ತಿದ್ದವು. ಜೊತೆಗೆ ಬಿಳಿ ಬಟ್ಟೆಯ ಹದಿನೈದು ಮಂದಿ ನಟರು, ನರ್ತಕರು. ಎಲ್ಲರ ಕೈಯಲ್ಲೂ ಖಾಲಿ ಚಿನ್ನದ ಫ್ರೇಮುಗಳು. ಗಾಡಿಯಿಂದ ಇಳಿದು ಓಡಿ ಹೋಗಿ, ರಸ್ತೆ ಬದಿ ನಿಂತವರ ಮುಖದ ಮುಂದೆ ಹಿಡಿಯುವುದು, ಇನ್ನೊಬ್ಬರ ಕಡೆ ಓಡುವುದು.

ಆವತ್ತಿನ ಫೋಟೊಗಳಿವೆ. ಹೆಗಲಿಗೆ ಹೆಗಲು ತಾಗಿಸಿ ನಿಂತ ಗೆಳತಿಯರು, ಮಕ್ಕಳು, ಕಾವಲಿಗೆ ಬಂದ ಪೊಲೀಸಿನವರೊಬ್ಬರು. ಆ ಮುಖಗಳನ್ನು ನೋಡಿದರೆ ಗೊತ್ತಾಗುತ್ತದೆ, ಯಾರೋ ತಮ್ಮನ್ನು ಹೇಗೆ ನೋಡುತ್ತಾರೋ ಅನ್ನುವ ಅಳುಕು ಅಲ್ಲಿಲ್ಲ. ಯಾರೂ ಅವರಿಗೆ ಏನನ್ನೂ ವಿವರಿಸಿರಲಿಲ್ಲ. ರಸ್ತೆಯ ಎರಡೂ ಬದಿಯಿಂದ ಜನ ಕೈ ಬೀಸಿ ಕೂಗುತ್ತಿದ್ದರು ಅಂತ ಓ'ಗ್ರೇಡಿ ನೆನಪಿಸಿಕೊಂಡಿದ್ದಾರೆ. ನನ್ನನ್ನೂ ಹಾಕಿ, ನನ್ನನ್ನೂ ಫ್ರೇಮಿನೊಳಗೆ ಹಾಕಿ ಅಂತ.